ಒಡೆದ ಹೃದಯದ ಹಾಡು: ಅಳುವೋ, ದುಡಿಮೆಯೋ?



ಶಾಲೆಯ ಸ್ಮರಣಸಂಚಿಕೆಯೆಂದರೆ ವಿದ್ಯೆ, ಶಿಸ್ತು, ಆರೋಗ್ಯ, ಗೃಹಕೃತ್ಯ ಇವುಗಳ ಮೇಲೆ ಲೇಖನಗಳಿರುವದು ವಾಡಿಕೆ. ನಾವು ಎತ್ತಿಕೊಂಡಿರುವ ವಿಷಯವಾದರೋ ಬೇರೊಂದು. ಕೆಲವರಿಗೆ ಅದು ಹಗುರಾದದ್ದೆಂದು ತೋರಲೂಬಹುದು. ಇಂಗ್ಲೀಷು ಭಾಷೆಯ ಜನಪ್ರಿಯ ಸಂಗೀತದಲ್ಲಿ ಸ್ತ್ರೀಯರು ಹಾಡಿರುವ ಪ್ರೇಮಭಂಗದ ಹಾಡುಗಳ ಕುರಿತು ನಮ್ಮ ಅಭಿಪ್ರಾಯವನ್ನು ತಿಳಿಸಬೇಕೆಂದಿದ್ದೇವೆ. ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರು ಪಾಠದ ಪುಸ್ತಕವನ್ನು ಮುಚ್ಚಿದ ಕೂಡಲೇ ಕಿವಿಗೆ ಹಚ್ಚಿಕೊಳ್ಳುವದು ಈ ಹಾಡುಗಳನ್ನೇ. ತಾಯಂದಿರೂ ಅಜ್ಜಿಯಂದಿರೂ ಇದನ್ನು ಕಂಡು ಒಳಗೊಳಗೇ ಕಳವಳಪಡುತ್ತಾರೆ. ಹೀಗಿರುವಲ್ಲಿ ಈ ಮಾತನ್ನು ಬಚ್ಚಿಡುವದಕ್ಕಿಂತ ಬಹಿರಂಗವಾಗಿ ವಿಚಾರಿಸುವದೇ ಮೇಲು.

ಹಿರಿಯರ ಆಕ್ಷೇಪಣೆಗಳು ಮುಖ್ಯವಾಗಿ ಎರಡು. ಇಂಥ ಹಾಡುಗಳನ್ನು ಕೇಳುವ ಹುಡುಗಿಯು ತನ್ನದಲ್ಲದ ದುಃಖವನ್ನು ಎಳೆದು ತಂದುಕೊಂಡು ಮನಸ್ಸಿನ ಬಲವನ್ನು ಕಳಕೊಳ್ಳುವಳೆಂಬದು ಒಂದು. ಈ ಗಾಯಕಿಯರ ಕಣ್ಣೀರು ಮಾರಾಟದ ಕಣ್ಣೀರೇ ಹೊರತು ನಿಜವಾದದ್ದಲ್ಲವೆಂಬದು ಇನ್ನೊಂದು. ಹಾಡು ಅತಿಯಾಗಿ ನಿಜವಾಗಿದೆಯೆಂದು ಮೊದಲನೆಯ ದೂರು. ಸ್ವಲ್ಪವೂ ನಿಜವಲ್ಲವೆಂದು ಎರಡನೆಯ ದೂರು. ಒಂದೇ ಬಾಯಿಂದ ಈ ಎರಡೂ ಮಾತುಗಳು ಹೊರಡುವದನ್ನು ಕೇಳಿದ್ದೇವೆ.

ಎರಡೂ ದೂರುಗಳಿಗೆ ಮೂಲವು ಒಂದೇ ಎಂದು ನಮಗೆ ಕಾಣುತ್ತದೆ. ಹೆಂಗಸು ದುಃಖದ ಹಾಡನ್ನು ಹಾಡಿದರೆ ಅವಳು ಅಳುತ್ತಿದ್ದಾಳೆಂದು ಲೋಕವು ಎಣಿಸುತ್ತದೆ. ಅವಳು ಕೆಲಸಮಾಡುತ್ತಿದ್ದಾಳೆಂದು ಎಣಿಸುವದಿಲ್ಲ. ನಮ್ಮ ಅಭಿಪ್ರಾಯವೇನಂದರೆ, ಈ ಹಾಡುಗಳು ಅಳುವಲ್ಲ, ದುಡಿಮೆ. ಯಾವ ದುಡಿಮೆಯನ್ನಾದರೂ ಹೇಗೆ ವಿಚಾರಿಸುತ್ತೇವೋ ಹಾಗೆಯೇ ಇವನ್ನೂ ವಿಚಾರಿಸತಕ್ಕದ್ದು. ಮಾಡಿದವಳ ಹೆಸರು ಅದರ ಮೇಲೆ ಇದೆಯೋ? ಅದರ ಒಳಗೆ ಏನನ್ನು ಹಾಕಿದ್ದಾಳೆ? ಅದರ ಕೂಲಿಯು ಯಾರ ಕೈಗೆ ಸೇರಿತು? ಈ ಮೂರು ಪ್ರಶ್ನೆಗಳನ್ನು ಕೇಳಿದ ಮೇಲೆ ಹಾಡು ಒಳ್ಳೆಯದೋ ಕೆಟ್ಟದ್ದೋ ಎಂಬ ತೀರ್ಮಾನಕ್ಕೆ ಬರಬಹುದು. ಅದಕ್ಕೆ ಮೊದಲು ಬರುವದು ಅವಸರದ ತೀರ್ಪು.

ಹೆಸರಿನ ಮಾತನ್ನು ಮೊದಲು ನೋಡೋಣ. ಸ್ಕಾಟ್ಲೆಂಡಿನ ಲೇಡಿ ಆನ್ ಲಿಂಡ್ಸೆ ಎಂಬ ಕುಲೀನ ಯುವತಿಯು ಸುಮಾರು ೧೭೭೨ರಲ್ಲಿ, ಹಳೆಯದೊಂದು ಧಾಟಿಗೆ ‘ಆಲ್ಡ್ ರಾಬಿನ್ ಗ್ರೇ’ ಎಂಬ ಹಾಡನ್ನು ಕಟ್ಟಿದಳು. ಪ್ರಿಯನು ಹಣ ಸಂಪಾದಿಸುವದಕ್ಕಾಗಿ ಸಮುದ್ರಯಾನ ಹೊರಟಿದ್ದಾನೆ. ಇತ್ತ ತಂದೆಯು ತೋಳು ಮುರಿದುಕೊಂಡಿದ್ದಾನೆ, ತಾಯಿಯು ಹಾಸಿಗೆ ಹಿಡಿದಿದ್ದಾಳೆ, ಮನೆಯ ಹಸುವು ಕಳವಾಗಿದೆ. ಸಂಸಾರವನ್ನು ಸಾಕಿದ ಮುದುಕನನ್ನೇ ಹುಡುಗಿಯು ಮದುವೆಯಾಗಬೇಕಾಯಿತು. ಮದುವೆಯ ಬೆನ್ನಿಗೇ ಪ್ರಿಯನು ತಿರುಗಿ ಬಂದನು. ಇದು ಪ್ರೇಮಭಂಗದ ಹಾಡೆಂಬದು ನಿಜ; ಆದರೆ ಹೃದಯವನ್ನು ಒಡೆದದ್ದು ಪ್ರೇಮವಲ್ಲ, ಬಡತನ. ಹಾಡು ದೇಶದಲ್ಲೆಲ್ಲಾ ಹರಡಿತು. ಬರೆದವಳು ಮಾತ್ರ ಸುಮಾರು ಐವತ್ತು ವರ್ಷ ತನ್ನ ಹೆಸರನ್ನು ಹೇಳಲಿಲ್ಲ. ೧೮೨೩ರಲ್ಲಿ, ತನ್ನ ಮುಪ್ಪಿನ ಕಾಲದಲ್ಲಿ, ಸರ್ ವಾಲ್ಟರ್ ಸ್ಕಾಟನಿಗೆ ಕಾಗದ ಬರೆದು ಅದು ತನ್ನದೆಂದು ಒಪ್ಪಿಕೊಂಡಳು. ನಮ್ಮ ಕಡೆಯ ಬೀಸುವ ಕಲ್ಲಿನ ಹಾಡುಗಳಿಗೂ ಕಟ್ಟಿದವಳ ಹೆಸರಿಲ್ಲವೆಂಬದನ್ನು ನೆನೆದರೆ, ಈ ಮೌನವು ಒಂದು ದೇಶದ ಮಾತಲ್ಲವೆಂದು ತಿಳಿಯುವದು.

ಮುಂದೆ ಗ್ರಾಮಫೋನಿನ ಕಾಲವು ಬಂದಿತು. ಹಾಡು ಗಾಳಿಯಲ್ಲಿ ಕರಗಿಹೋಗುವ ಬದಲಾಗಿ ತಟ್ಟೆಯಲ್ಲಿ ನಿಂತಿತು. ತಟ್ಟೆಯು ಅಂಗಡಿಗೆ ಬಂದಿತು. ೧೯೨೦ನೆಯ ಆಗಸ್ಟ್ ೧೦ರಂದು ನ್ಯೂಯಾರ್ಕ್ ನಗರದಲ್ಲಿ ಮೇಮಿ ಸ್ಮಿತ್ ಎಂಬ ಆಫ್ರಿಕನ್ ಮೂಲದ ಅಮೇರಿಕನ್ ಗಾಯಕಿಯು ‘ಕ್ರೇಜಿ ಬ್ಲೂಸ್’ ಎಂಬ ಹಾಡನ್ನು ಮುದ್ರಿಸಿಕೊಟ್ಟಳು. ಬ್ಲೂಸ್ ಎಂಬದು ಆ ಜನರ ದುಃಖಗೀತದ ಪದ್ಧತಿ. ಹಾಡಿನ ವಿಷಯವು ಕೈಬಿಟ್ಟು ಹೋದ ಪುರುಷನು. ಬರೆದವನು ಪೆರಿ ಬ್ರಾಡ್‌ಫರ್ಡ್ ಎಂಬಾತನು. ಅದುವರೆಗೆ ತಟ್ಟೆಯ ವ್ಯಾಪಾರಿಗಳು ಇಂಥ ಗಾಯಕಿಯ ದನಿಗೆ ಗಿರಾಕಿಗಳು ಇರಲಾರರೆಂದು ಭಾವಿಸಿದ್ದರು. ಮಾರಾಟವು ಆ ಭಾವನೆಯನ್ನು ಸುಳ್ಳುಮಾಡಿತು. ವ್ಯಾಪಾರಿಗಳು ಕಣ್ಣುತೆರೆದು ಅಂಥ ಬೇರೆ ಗಾಯಕಿಯರನ್ನು ಹುಡುಕತೊಡಗಿದರು. ಹೀಗೆ, ಒಂದು ಜನಾಂಗದ ಸ್ತ್ರೀಯರಿಗೆ ಆ ಉದ್ಯೋಗದ ಬಾಗಿಲನ್ನು ತೆರೆದದ್ದು ಪ್ರೇಮಭಂಗದ ಒಂದು ಹಾಡು.

ಆ ಬಾಗಿಲಿನಿಂದ ಒಳಗೆ ಬಂದವರಲ್ಲಿ ಇಬ್ಬರನ್ನು ಇಲ್ಲಿ ಹೆಸರಿಸಬೇಕು. ಆಲ್ಬರ್ಟಾ ಹಂಟರ್ ಎಂಬಾಕೆಯು ಪಿಯಾನೋ ಬಾರಿಸುವ ಲವೀ ಆಸ್ಟಿನ್ ಎಂಬ ಇನ್ನೊಬ್ಬ ಸ್ತ್ರೀಯೊಡನೆ ಸೇರಿ ‘ಡೌನ್ ಹಾರ್ಟೆಡ್ ಬ್ಲೂಸ್’ ಎಂಬ ಹಾಡನ್ನು ರಚಿಸಿ ೧೯೨೨ರಲ್ಲಿ ತಾನೇ ಹಾಡಿದಳು. ಮರುವರ್ಷ, ಎಂದರೆ ೧೯೨೩ರಲ್ಲಿ, ಬೆಸ್ಸಿ ಸ್ಮಿತ್ ಅದನ್ನೇ ಹಾಡಲು ತಟ್ಟೆಗಳು ಲಕ್ಷಗಟ್ಟಲೆ ಖರ್ಚಾದವು. ಸ್ತ್ರೀಯರೇ ರಚಿಸಿ ಸ್ತ್ರೀಯೇ ಹಾಡಿದ ಈ ಹಾಡು, ತಟ್ಟೆಯ ಮಾರಾಟದಲ್ಲಿ ಪುರುಷರ ಹಾಡುಗಳಿಗೆ ಸರಿಸಮವಾಗಿ ನಿಂತಿತು. ಆದರೆ ಕೂಲಿಯ ಸಂಗತಿಯನ್ನು ನೋಡಿರಿ. ಬೆಸ್ಸಿ ಸ್ಮಿತ್‌ಳಿಗೆ ಹಾಡೊಂದಕ್ಕೆ ಇಷ್ಟು ಎಂದು ಗೊತ್ತುಮಾಡಿದ ಹಣವನ್ನು ಕೊಟ್ಟರೇ ಹೊರತು ಮಾರಾಟದಲ್ಲಿ ಪಾಲು ಕೊಡಲಿಲ್ಲ. ಹತ್ತು ತಟ್ಟೆ ಮಾರಿದರೂ ಅಷ್ಟೇ, ಹತ್ತು ಲಕ್ಷ ಮಾರಿದರೂ ಅಷ್ಟೇ. ೧೯೩೭ರ ಸೆಪ್ಟೆಂಬರಿನಲ್ಲಿ ಮೋಟಾರು ಅಪಘಾತದಿಂದ ಆಕೆ ತೀರಿಹೋದಳು. ಫಿಲಡೆಲ್ಫಿಯಾ ನಗರದ ಹತ್ತಿರ ಆಕೆಯ ಸಮಾಧಿಯ ಮೇಲೆ ೧೯೭೦ರ ವರೆಗೆ ಹೆಸರು ಕೆತ್ತಿದ ಕಲ್ಲೂ ಇರಲಿಲ್ಲ. ಆ ವರ್ಷ ಜಾನಿಸ್ ಜಾಪ್ಲಿನ್ ಎಂಬ ಗಾಯಕಿಯೂ, ಬಾಲ್ಯದಲ್ಲಿ ಬೆಸ್ಸಿಯ ಮನೆಯಲ್ಲಿ ಕೆಲಸಮಾಡಿದ್ದ ಇನ್ನೊಬ್ಬ ಸ್ತ್ರೀಯೂ ತಮ್ಮ ಹಣದಿಂದ ಕಲ್ಲು ಹಾಕಿಸಿದರು. ಲಕ್ಷಗಟ್ಟಲೆ ಮನೆಗಳಲ್ಲಿ ದನಿ ಕೇಳಿಸಿದವಳ ಗೋರಿಗೆ ಮೂವತ್ತಮೂರು ವರ್ಷ ಗುರುತಿರಲಿಲ್ಲವೆಂದರೆ, ಮಾರಾಟದ ಕಣ್ಣೀರೆಂದು ಹೀಗಳೆಯುವವರು ಆ ಮಾರಾಟದ ಲಾಭವು ಯಾರಿಗೆ ಸೇರಿತೆಂದು ಒಮ್ಮೆ ಕೇಳಬೇಕಷ್ಟೆ.

ಇನ್ನು ಹಳ್ಳಿಗಾಡಿನ ಧಾಟಿಯ ಹಾಡುಗಳಿಗೆ ಬರೋಣ. ಅಮೇರಿಕದಲ್ಲಿ ಇದಕ್ಕೆ ಕಂಟ್ರಿ ಸಂಗೀತವೆಂದು ಹೆಸರು. ೧೯೫೨ರಲ್ಲಿ ಹ್ಯಾಂಕ್ ಥಾಮ್ಸನ್ ಎಂಬಾತನ ಹಾಡೊಂದು ಸಂಸಾರ ಮುರಿದದ್ದಕ್ಕೆಲ್ಲಾ ಹೆಂಗಸೇ ಕಾರಣಳೆಂದು ಸಾರಿ ಬಹಳ ಪ್ರಸಿದ್ಧವಾಯಿತು. ಅದೇ ವರ್ಷ ಕಿಟಿ ವೆಲ್ಸ್ ಎಂಬ, ಮಕ್ಕಳೊಂದಿಗಳಾದ ಗೃಹಿಣಿಯು ಅದಕ್ಕೆ ಉತ್ತರವಾಗಿ ಇನ್ನೊಂದು ಹಾಡನ್ನು ಹಾಡಿದಳು. ಮನೆಯ ಹೊರಗೆ ತಿರುಗುವ ಗಂಡಸರಿಗೆ ಈ ಮುರುಕಿನಲ್ಲಿ ಪಾಲಿಲ್ಲವೋ ಎಂಬದು ಅದರ ಅಭಿಪ್ರಾಯ. ಈ ಉತ್ತರವನ್ನು ಬರೆದವನೂ ಒಬ್ಬ ಪುರುಷನೇ. ಹಾಡುವದಕ್ಕೆ ಆಕೆ ಒಪ್ಪಿದ್ದು ಮುದ್ರಣದ ಕೂಲಿಯಾದ ೧೨೫ ಡಾಲರುಗಳಿಗಾಗಿ ಎಂದು ಹೇಳುತ್ತಾರೆ. ದೊಡ್ಡದೊಂದು ರೇಡಿಯೋ ಸಂಸ್ಥೆಯು ಈ ಹಾಡನ್ನು ಬಿತ್ತರಿಸಲೊಪ್ಪಲಿಲ್ಲ. ಹಾಗಿದ್ದರೂ ಅದು ‘ಬಿಲ್‌ಬೋರ್ಡ್’ ಪತ್ರಿಕೆಯ ಕಂಟ್ರಿ ಪಟ್ಟಿಯ ತುದಿಗೇರಿತು; ಒಂಟಿಯಾಗಿ ಹಾಡಿದ ಸ್ತ್ರೀಯೊಬ್ಬಳು ಆ ಸ್ಥಾನವನ್ನು ಪಡೆದದ್ದು ಅದೇ ಮೊದಲು. ಪುರುಷನ ದೂರಿಗೆ ಬಾರದ ತಡೆಯು ಸ್ತ್ರೀಯ ಉತ್ತರಕ್ಕೆ ಯಾಕೆ ಬಂದಿತೆಂಬದನ್ನು ವಾಚಕರೇ ಊಹಿಸಿಕೊಳ್ಳಲಿ.

ಇಲ್ಲಿ ಒಂದು ಸಂದೇಹವು ಏಳುವದು ಸಹಜ. ಹಾಡನ್ನು ಬರೆದವನು ಪುರುಷನಾದರೆ ಅದು ಹಾಡಿದವಳ ಹಾಡು ಹೇಗಾದೀತು? ಇದಕ್ಕೆ ಪ್ಯಾಟ್ಸಿ ಕ್ಲೈನ್ ಎಂಬ ಗಾಯಕಿಯ ಚರಿತ್ರೆಯೇ ಉತ್ತರ. ‘ಕ್ರೇಜಿ’ ಎಂಬ ಹಾಡನ್ನು ಬರೆದವನು ವಿಲ್ಲಿ ನೆಲ್ಸನ್. ಆಗ ಆತನು ಹೆಸರಿಲ್ಲದ ತರುಣನು. ೧೯೬೧ರ ಜೂನ್ ತಿಂಗಳಲ್ಲಿ ಪ್ಯಾಟ್ಸಿಯು ಭಯಂಕರವಾದ ಕಾರು ಅಪಘಾತಕ್ಕೆ ಸಿಕ್ಕಿದಳು. ಆಗಸ್ಟಿನಲ್ಲಿ ಊರುಗೋಲುಗಳ ಮೇಲೆ ನಡೆದು ನ್ಯಾಶ್‌ವಿಲ್ಲಿನ ಮುದ್ರಣಾಲಯಕ್ಕೆ ಬಂದಾಗ, ಪಕ್ಕೆಲುಬಿನ ನೋವಿನಿಂದ ಮೇಲಿನ ಸ್ವರಗಳಿಗೆ ಉಸಿರು ಸಾಲದೆ ಹಾಡು ಪೂರ್ತಿಯಾಗಲಿಲ್ಲ. ವಾದ್ಯದವರು ತಮ್ಮ ಭಾಗವನ್ನು ಮುಗಿಸಿ ಹೋದರು. ಆಕೆಯು ಕೆಲವು ವಾರಗಳಾದ ಮೇಲೆ ತಿರುಗಿ ಬಂದು ತನ್ನ ಭಾಗವನ್ನು ಹಾಡಿಕೊಟ್ಟಳು. ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ನಿಂತು, ಮಾತನ್ನು ಬಿಡಲಾರದೆ ಬಿಡುವವಳಂತೆ ಹಾಡುವ ಆ ರೀತಿಯನ್ನು ಕಾಗದದ ಮೇಲೆ ಯಾರೂ ಬರೆದುಕೊಡಲಿಲ್ಲ. ಅದು ಆಕೆಯ ಸ್ವಂತ ಸೊತ್ತು. ೧೯೬೩ನೆಯ ಮಾರ್ಚ್ ೫ರಂದು ವಿಮಾನದ ಅಪಘಾತದಲ್ಲಿ ಆಕೆ ಮೃತಪಟ್ಟಾಗ ವಯಸ್ಸು ಮೂವತ್ತು.

ಆದರೆ ಅಮೇರಿಕದ ಕಾನೂನು ಈ ಸೊತ್ತನ್ನು ಏನೆಂದು ಎಣಿಸಿತು? ಆ ದೇಶದಲ್ಲಿ ರೇಡಿಯೋ ಕೇಂದ್ರವು ಹಾಡನ್ನು ಬಿತ್ತರಿಸಿದಾಗ ಹಾಡನ್ನು ಬರೆದವನಿಗೆ ಹಣ ಸಲ್ಲುವದು, ಹಾಡಿದವಳಿಗೆ ಸಲ್ಲುವದಿಲ್ಲ. ಬರೆದವನ ಕೆಲಸವು ಕೆಲಸ. ಹಾಡಿದವಳ ಕೆಲಸವು ಗಾಳಿ. ಇಂಥ ನಿಯಮದಿಂದ ಪುರುಷ ಗಾಯಕರಿಗೂ ನಷ್ಟವಾಯಿತೆಂಬದು ನಿಜ. ಆದರೂ, ಬರೆಯುವ ಮೇಜಿಗೆ ಸ್ತ್ರೀಯರನ್ನು ಬಹುಕಾಲ ಹತ್ತಿರ ಬಿಡದೆ ಮೈಕಿನ ಮುಂದೆ ಮಾತ್ರ ನಿಲ್ಲಿಸಿದ ಉದ್ಯೋಗದಲ್ಲಿ, ಹೆಚ್ಚಿನ ನಷ್ಟವು ಯಾರ ಪಾಲಿಗೆ ಬಂದಿತೆಂಬದು ಸ್ಪಷ್ಟವಾಗಿದೆ.

ನಮ್ಮ ವಿದ್ಯಾರ್ಥಿನಿಯರು ವಿಶೇಷವಾಗಿ ಗಮನಿಸಬೇಕಾದ ಚರಿತ್ರೆಯೊಂದುಂಟು. ನ್ಯೂಜರ್ಸಿ ಪ್ರಾಂತ್ಯದ ಪಸ್ಸೇಕ್ ಎಂಬ ಊರಿನ ಹೈಸ್ಕೂಲಿನಲ್ಲಿ ೧೯೫೭ರ ಸುಮಾರಿಗೆ ನಾಲ್ವರು ಸಹಪಾಠಿನಿಯರು ಶಾಲೆಯ ಪ್ರದರ್ಶನಕ್ಕಾಗಿ ಒಟ್ಟುಗೂಡಿ ಹಾಡಿದರು. ಇವರೇ ಮುಂದೆ ಶಿರೆಲ್ಸ್ ಎಂಬ ಹೆಸರಿನಿಂದ ಖ್ಯಾತರಾದರು. ೧೯೬೦ರಲ್ಲಿ ಇವರು ಹಾಡಿದ ‘ವಿಲ್ ಯೂ ಲವ್ ಮಿ ಟುಮಾರೋ’ ಎಂಬ ಹಾಡು ೧೯೬೧ರ ಜನವರಿಯಲ್ಲಿ ದೇಶದ ಪಟ್ಟಿಯಲ್ಲಿ ಮೊದಲನೆಯದಾಯಿತು. ಆಫ್ರಿಕನ್ ಮೂಲದ ಹುಡುಗಿಯರ ತಂಡಕ್ಕೆ ಆ ಸ್ಥಾನವು ಅದುವರೆಗೆ ದೊರಕಿರಲಿಲ್ಲ. ಈ ಹುಡುಗಿಯರ ಸಂಪಾದನೆಯನ್ನು ಅವರು ಇಪ್ಪತ್ತೊಂದು ವರ್ಷದವರಾಗುವ ತನಕ ನಿಧಿಯಾಗಿ ಕಾದಿರಿಸಿದೆಯೆಂದು ಅವರಿಗೆ ಹೇಳಲಾಗಿತ್ತು. ವಯಸ್ಸು ತುಂಬಿ ಕೇಳುವಾಗ ಅಂಥ ನಿಧಿಯೇ ಇರಲಿಲ್ಲ. ಅವರು ನ್ಯಾಯಸ್ಥಾನಕ್ಕೆ ಹೋಗಬೇಕಾಯಿತು. ಇಂದಿನ ಮಾತು ನಾಳೆಗೂ ನಿಂತೀತೋ ಎಂಬ ಪ್ರಶ್ನೆಯನ್ನು ಹಾಡಿನಲ್ಲಿ ಪ್ರಿಯನಿಗೆ ಕೇಳಿದವರು, ಅದನ್ನೇ ಲೆಕ್ಕದ ಪುಸ್ತಕ ಇಟ್ಟುಕೊಂಡವರಿಗೂ ಕೇಳಬೇಕಾಗಿತ್ತು.

ಈ ಹಾಡಿನ ಮಾತುಗಳನ್ನು ಬರೆದವನು ಜೆರಿ ಗಾಫಿನ್; ರಾಗವನ್ನು ಕಟ್ಟಿದವಳು ಆತನ ಹೆಂಡತಿ, ಆಗ ಹದಿನೆಂಟು ವರ್ಷದ ಕ್ಯಾರೊಲ್ ಕಿಂಗ್. ಇತರರಿಗಾಗಿ ಹಾಡು ಕಟ್ಟಿಕೊಡುತ್ತಾ ಹತ್ತು ವರ್ಷಗಳು ಹೋದವು, ಮದುವೆಯೂ ಮುರಿಯಿತು. ೧೯೭೧ರಲ್ಲಿ ಆಕೆಯು ‘ಟೇಪೆಸ್ಟ್ರಿ’ ಎಂಬ ಸಂಪುಟದಲ್ಲಿ ಅದೇ ಹಾಡನ್ನು ತನ್ನ ದನಿಯಲ್ಲಿ, ನಿಧಾನವಾಗಿ ತಿರುಗಿ ಹಾಡಿದಳು. ಹುಡುಗಿಯರ ಬಾಯಲ್ಲಿ ಮುಂದಿನ ಭಯವಾಗಿದ್ದ ಮಾತು, ಆಕೆಯ ಬಾಯಲ್ಲಿ ಉತ್ತರವನ್ನು ಬಲ್ಲವಳ ಮಾತಾಯಿತು. ಅದೇ ಸಂಪುಟದ ‘ಇಟ್ಸ್ ಟೂ ಲೇಟ್’ ಎಂಬ ಹಾಡಿಗೆ ಮಾತು ಬರೆದವಳು ಟೋನಿ ಸ್ಟರ್ನ್ ಎಂಬ ಸ್ತ್ರೀ. ಅದರಲ್ಲಿ ಬೇಡುವಿಕೆಯೂ ಇಲ್ಲ, ಶಪಿಸುವದೂ ಇಲ್ಲ. ಮುಗಿದದ್ದನ್ನು ಮುಗಿಯಿತೆಂದು ಒಪ್ಪಿಕೊಳ್ಳುವ ಪ್ರೌಢತೆಯುಂಟು. ‘ಟೇಪೆಸ್ಟ್ರಿ’ಯು ಅಮೇರಿಕದ ಪಟ್ಟಿಯಲ್ಲಿ ಹದಿನೈದು ವಾರ ಮೊದಲನೆಯದಾಗಿ ನಿಂತಿತು, ಮರುವರ್ಷ ಆಕೆಗೆ ನಾಲ್ಕು ಗ್ರ್ಯಾಮಿ ಬಹುಮಾನಗಳು ಬಂದವು. ಹೆಸರೂ ಮಾತೂ ದನಿಯೂ ಸ್ತ್ರೀಯರ ಕೈಗೆ ಬಂದಾಗ ದುಃಖದ ಹಾಡು ದುರ್ಬಲವಾಗಲಿಲ್ಲ. ಅದರ ಬೆನ್ನು ನೆಟ್ಟಗಾಯಿತು.

ಇದೇ ಕಾಲದ ಡಾಲಿ ಪಾರ್ಟನ್ ಎಂಬಾಕೆಯ ಸಂಗತಿಯು ಇನ್ನೂ ಬೋಧಪ್ರದವಾಗಿದೆ. ಟೆನೆಸ್ಸೀ ಪ್ರಾಂತ್ಯದ ಬಡಕುಟುಂಬದಲ್ಲಿ ಹುಟ್ಟಿದ ಈಕೆಯು ೧೯೬೭ರಿಂದ ಪೋರ್ಟರ್ ವ್ಯಾಗನರ್ ಎಂಬ ಹಿರಿಯ ಗಾಯಕನ ಕಾರ್ಯಕ್ರಮದಲ್ಲಿ ಹಾಡುತ್ತಿದ್ದಳು. ತನ್ನ ಸ್ವಂತ ದಾರಿಯನ್ನು ಹಿಡಿಯಬೇಕೆಂದಾಗ, ಹಿರಿಯನ ಮನಸ್ಸನ್ನು ನೋಯಿಸದೆ ಬೀಳ್ಕೊಳ್ಳುವದಕ್ಕಾಗಿ ೧೯೭೩ರಲ್ಲಿ ‘ಐ ವಿಲ್ ಆಲ್ವೇಸ್ ಲವ್ ಯೂ’ ಎಂಬ ಹಾಡನ್ನು ಬರೆದಳು. ಲೋಕವೆಲ್ಲಾ ಪ್ರೇಮಿಗಳ ಅಗಲಿಕೆಯೆಂದು ತಿಳಿದಿರುವ ಆ ಹಾಡು, ನಿಜವಾಗಿ ಕೆಲಸ ಬಿಡುವವಳ ಕಾಗದ. ಮುಂದೆ ಎಲ್ವಿಸ್ ಪ್ರೆಸ್ಲಿಯು ಅದನ್ನು ಹಾಡಬೇಕೆಂದು ಬಯಸಿದಾಗ, ಹಾಡಿನ ಹಕ್ಕಿನಲ್ಲಿ ಅರ್ಧವನ್ನು ಬಿಟ್ಟುಕೊಡಬೇಕೆಂದು ಆತನ ವ್ಯವಸ್ಥಾಪಕನು ಕೇಳಿದನು. ಅಂಥ ದೊಡ್ಡ ಗಾಯಕನ ಬಾಯಿಂದ ತನ್ನ ಹಾಡನ್ನು ಕೇಳುವ ಆಸೆಯು ಆಕೆಗೆ ಇದ್ದರೂ, ಕೊಡುವದಿಲ್ಲವೆಂದಳು. ೧೯೯೨ರಲ್ಲಿ ವಿಟ್ನಿ ಹ್ಯೂಸ್ಟನ್ ಚಲನಚಿತ್ರವೊಂದಕ್ಕಾಗಿ ಅದನ್ನು ಹಾಡಿದಳು. ಹಾಡು ಹದಿನಾಲ್ಕು ವಾರ ಅಮೇರಿಕದ ಪಟ್ಟಿಯ ತುದಿಯಲ್ಲಿತ್ತು. ಬೆಸ್ಸಿ ಸ್ಮಿತ್‌ಳಿಗೆ ದೊರಕದೆ ಹೋದ ಪಾಲು, ಒಂದು ಸಾರಿ ಧೈರ್ಯದಿಂದ ಇಲ್ಲವೆಂದದ್ದರಿಂದ, ಡಾಲಿಗೆ ಪೂರ್ಣವಾಗಿ ದೊರಕಿತು.

ಇಷ್ಟು ಹೇಳಿದ ಮೇಲೆ ಎರಡನೆಯ ಪ್ರಶ್ನೆಗೆ ಬರುತ್ತೇವೆ: ಹಾಡಿನ ಒಳಗೆ ಏನಿದೆ? ಪ್ರೇಮಭಂಗದ ಹಾಡು ಬಿಟ್ಟುಹೋದ ಪುರುಷನ ಕುರಿತು ಮಾತ್ರವೇ ಎಂದು ತಿಳಿಯುವವರು ಪಾತ್ರೆಯನ್ನು ನೋಡಿ ಅದರೊಳಗಿರುವದನ್ನು ನೋಡದವರು. ೧೯೭೮ರಲ್ಲಿ ಗ್ಲೋರಿಯಾ ಗೇನರ್ ‘ಐ ವಿಲ್ ಸರ್ವೈವ್’ ಎಂಬ ಹಾಡನ್ನು ಮುದ್ರಿಸುವಾಗ, ವೇದಿಕೆಯ ಮೇಲೆ ಬಿದ್ದು ಬೆನ್ನುಮೂಳೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಳು. ಮೈಗೆ ಪಟ್ಟಿ ಬಿಗಿದುಕೊಂಡೇ ನಿಂತು ಹಾಡಿದಳು. ಮಾತುಗಳು ಬಿಟ್ಟುಹೋದ ಪ್ರಿಯನಿಗೆ. ದನಿಯಾದರೋ ತಿರುಗಿ ನಡೆದಾಡುವೆನೆಂದು ಹಟಹಿಡಿದ ರೋಗಿಯದು. ತಟ್ಟೆಯ ಹಿಂಬದಿಗೆ ಹಾಕಿದ್ದ ಆ ಹಾಡು ೧೯೭೯ರಲ್ಲಿ ಪಟ್ಟಿಯ ತುದಿಗೆ ಬಂದಿತು. ೧೯೯೦ರಲ್ಲಿ ಐರ್ಲೆಂಡಿನ ಶಿನೇಡ್ ಓಕಾನರ್, ಪ್ರಿನ್ಸ್ ಎಂಬಾತನು ಬರೆದ ‘ನಥಿಂಗ್ ಕಂಪೇರ್ಸ್ ಟು ಯೂ’ ಎಂಬ ಹಾಡನ್ನು ಹಾಡಿದಳು. ಅದರ ಚಿತ್ರದಲ್ಲಿ ಆಕೆಯ ಕೆನ್ನೆಯ ಮೇಲೆ ಇಳಿಯುವ ಕಣ್ಣೀರನ್ನು ಲೋಕವು ಪ್ರೇಮಿಗಾಗಿ ಎಂದುಕೊಂಡಿತು. ೧೯೮೫ರಲ್ಲಿ ತೀರಿಹೋದ ತಾಯಿಯನ್ನು, ತಾನು ಬಹಳವಾಗಿ ನೊಂದು ಅಷ್ಟೇ ಬಹಳವಾಗಿ ಹಂಬಲಿಸಿದ ತಾಯಿಯನ್ನು, ನೆನೆದು ಅತ್ತೆನೆಂದು ಆಕೆಯೇ ಮುಂದೆ ಹೇಳಿದಳು. ೨೦೨೩ರ ಜುಲೈಯಲ್ಲಿ ಆಕೆಯು ತೀರಿಹೋದಳು.

ಈ ಸಂಗತಿಗಳಿಂದ ನಮಗೆ ತೋರುವದೇನಂದರೆ, ಸ್ತ್ರೀಯರಿಗೆ ಬಹಿರಂಗವಾಗಿ ಹೇಳಿಕೊಳ್ಳಲಿಕ್ಕೆ ಲೋಕವು ಅಪ್ಪಣೆ ಕೊಟ್ಟಿರುವ ದುಃಖವು ಒಂದೇ, ಅದು ಪ್ರೇಮದ ದುಃಖ. ಬಡತನ, ಕಾಯಿಲೆ, ತಾಯಿಯ ಮರಣ, ಒಡೆಯನ ಹಂಗು ಮುಂತಾದ ಉಳಿದ ದುಃಖಗಳು ಆ ಒಂದೇ ಬಾಗಿಲಿನಿಂದ ಹೊರಗೆ ಬರುತ್ತವೆ. ನಮ್ಮ ಮನೆಯ ಹುಡುಗಿಯು ಯಾವ ಪ್ರೇಮವನ್ನೂ ಕಾಣದೆ ಇಂಥ ಹಾಡನ್ನು ಕೇಳಿ ಕಣ್ಣು ಒದ್ದೆಮಾಡಿಕೊಂಡರೆ, ಅವಳು ಕೆಟ್ಟುಹೋದಳೆಂದು ಹೆದರುವ ಮೊದಲು ಸ್ವಲ್ಪ ತಾಳಬೇಕು. ಆಪ್ತಗೆಳತಿಯು ಮಾತು ಬಿಟ್ಟಿರಬಹುದು, ಪರೀಕ್ಷೆಯ ಭಯವಿರಬಹುದು, ಮನೆಯಲ್ಲಿ ಹೇಳಲಾರದ ಸಂಗತಿಯೊಂದು ಇರಬಹುದು. ಹಾಡನ್ನು ಕಿತ್ತುಕೊಂಡರೆ ದುಃಖವು ಹೋಗುವದಿಲ್ಲ. ಅದು ಹೊರಬರುವ ದಾರಿ ಮಾತ್ರ ಹೋಗುವದು.

ಆದರೂ ಹಿರಿಯರ ಕಳವಳವನ್ನು ನಾವು ಪೂರ್ತಿಯಾಗಿ ತಳ್ಳಿಬಿಡುವದಿಲ್ಲ. ಪುರುಷನಿಲ್ಲದೆ ತಾನು ಶೂನ್ಯಳೆಂದು, ಹೊಡೆದರೂ ಬಯ್ದರೂ ಅವನೇ ಗತಿಯೆಂದು ಹಾಡುವ ಹಾಡುಗಳೂ ಉಂಟು. ಅವುಗಳ ಧಾಟಿ ಎಷ್ಟು ಇಂಪಾಗಿದ್ದರೂ ನಾವು ಅವುಗಳ ಪಕ್ಷವನ್ನು ಹಿಡಿಯುವದಿಲ್ಲ. ಇದಕ್ಕಿಂತ ದೊಡ್ಡ ಕೇಡೊಂದಿದೆ. ಅದು ಹಾಡಿನಲ್ಲಿಲ್ಲ, ಕೇಳುವವರಲ್ಲಿದೆ. ಹಾಡು ಬೇಕು, ಹಾಡಿಗಾಗಿ ಗಾಯವೂ ಬೇಕು ಎಂಬ ಹಸಿವು ಅದು. ಬಿಲ್ಲಿ ಹಾಲಿಡೇ ಎಂಬ ಮಹಾ ಗಾಯಕಿಯು ೧೯೫೮ರಲ್ಲಿ ‘ಲೇಡಿ ಇನ್ ಸ್ಯಾಟಿನ್’ ಎಂಬ ಸಂಪುಟವನ್ನು ಹಾಡುವಾಗ ಆಕೆಯ ಕಂಠವು ಜೀರ್ಣವಾಗಿತ್ತು. ಆ ಬಿರುಕನ್ನೇ ಕೇಳುಗರು ಮೆಚ್ಚಿದರು. ಮರುವರ್ಷ ಆಕೆಯು ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ, ಬಾಗಿಲಲ್ಲಿ ಪೋಲೀಸರ ಕಾವಲಿರುವಾಗ, ಸತ್ತಳು. ಇಂಗ್ಲೆಂಡಿನ ಏಮಿ ವೈನ್‌ಹೌಸ್ ೨೦೦೬ರಲ್ಲಿ ‘ಬ್ಯಾಕ್ ಟು ಬ್ಲ್ಯಾಕ್’ ಎಂಬ ಸಂಪುಟವನ್ನು ಹೊರತಂದಳು. ೨೦೦೮ರಲ್ಲಿ ಐದು ಗ್ರ್ಯಾಮಿ ಬಹುಮಾನಗಳನ್ನು ಪಡೆದಳು. ಆ ಹಾಡುಗಳ ದುಃಖವನ್ನು ಕೊಂಡುಕೊಂಡ ಜನರೇ, ಕುಡಿತದಿಂದ ಆಕೆಯು ಬೀದಿಯಲ್ಲಿ ತತ್ತರಿಸುವ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿ ನಕ್ಕರು. ೨೦೧೧ರ ಜುಲೈ ೨೩ರಂದು, ಇಪ್ಪತ್ತೇಳನೆಯ ವಯಸ್ಸಿನಲ್ಲಿ ಆಕೆಯು ತೀರಿಹೋದಳು. ಹಾಡನ್ನು ದುಡಿಮೆಯೆಂದು ಗೌರವಿಸಿದ್ದರೆ ದುಡಿಯುವವಳ ಆರೋಗ್ಯವನ್ನು ವಿಚಾರಿಸುತ್ತಿದ್ದರು. ಅಳುವೆಂದು ತಿಳಿದದ್ದರಿಂದ ಇನ್ನೂ ಅಳಲೆಂದು ಕಾದರು.

ಇದರ ಇನ್ನೊಂದು ರೂಪವು ಪತ್ತೇದಾರಿಕೆ. ಹೆಂಗಸು ಪ್ರೇಮಭಂಗದ ಹಾಡನ್ನು ಬರೆದ ಕೂಡಲೇ ಆ ಗಂಡಸು ಯಾರೆಂದು ಹುಡುಕಾಟವು ಮೊದಲಾಗುತ್ತದೆ. ಬಾಬ್ ಡಿಲನ್ ೧೯೭೫ರಲ್ಲಿ ‘ಬ್ಲಡ್ ಆನ್ ದಿ ಟ್ರ್ಯಾಕ್ಸ್’ ಎಂಬ ಅಗಲಿಕೆಯ ಹಾಡುಗಳನ್ನು ಹೊರತಂದಾಗ ವಿಮರ್ಶಕರು ಅವುಗಳ ಕವಿತ್ವವನ್ನು ಕೊಂಡಾಡಿದರು. ಟೇಲರ್ ಸ್ವಿಫ್ಟ್ ಎಂಬ ತರುಣಿಯು ಅದೇ ವಿಷಯವನ್ನು ಬರೆದಾಗ ಬಹುಮಂದಿ ಆಕೆಯ ಹಳೆಯ ಗೆಳೆಯರ ಪಟ್ಟಿಯನ್ನು ಮಾಡಿದರು. ಆಕೆಯು ಲಿಜ್ ರೋಜ್ ಎಂಬ ಸ್ತ್ರೀಯೊಡನೆ ಕೂಡಿ ಬರೆದು ೨೦೧೨ರಲ್ಲಿ ಪ್ರಕಟಿಸಿದ ‘ಆಲ್ ಟೂ ವೆಲ್’ ಎಂಬ ಹಾಡನ್ನು ೨೦೨೧ರ ನವೆಂಬರಿನಲ್ಲಿ ಹತ್ತು ನಿಮಿಷಗಳಿಗೆ ವಿಸ್ತರಿಸಿ ತಿರುಗಿ ಹಾಡಿದಳು. ಅಷ್ಟು ದೀರ್ಘವಾದ ಹಾಡು ಅಮೇರಿಕದ ಮುಖ್ಯ ಪಟ್ಟಿಯಲ್ಲಿ ಅದುವರೆಗೆ ಮೊದಲನೆಯದಾದದ್ದಿಲ್ಲ. ತಿರುಗಿ ಹಾಡಿದ್ದಕ್ಕೆ ಕಾರಣವು ಪ್ರೇಮವಲ್ಲ, ವ್ಯವಹಾರ. ಆಕೆಯ ಮೊದಲನೆಯ ಆರು ಸಂಪುಟಗಳ ಮೂಲಮುದ್ರಣಗಳ ಒಡೆತನವು ೨೦೧೯ರಲ್ಲಿ ಪರರ ಕೈಗೆ ಮಾರಾಟವಾಗಿತ್ತು. ಆಕೆಯು ಕೂತು ಕೊರಗದೆ, ಆ ಸಂಪುಟಗಳಲ್ಲಿ ನಾಲ್ಕನ್ನು ಮೊದಲಿನಿಂದ ಕೊನೆಯ ವರೆಗೆ ಹೊಸದಾಗಿ ಹಾಡಿ ಪ್ರಕಟಿಸಿದಳು. ೨೦೨೫ರ ಮೇ ತಿಂಗಳಲ್ಲಿ ಮೂಲಮುದ್ರಣಗಳನ್ನೂ ಹಣಕೊಟ್ಟು ತನ್ನದಾಗಿ ಮಾಡಿಕೊಂಡಳು. ಪತ್ತೇದಾರರು ಗೆಳೆಯನ ಹೆಸರನ್ನು ಹುಡುಕುತ್ತಿದ್ದಾಗ, ಈಕೆಯು ಕರಾರುಪತ್ರವನ್ನು ಓದುತ್ತಿದ್ದಳು.

ಇತ್ತೀಚಿನ ಇನ್ನೆರಡು ನಿದರ್ಶನಗಳನ್ನು ಹೇಳಿ ಮುಗಿಸುವೆವು. ಇಂಗ್ಲೆಂಡಿನ ಅಡೆಲ್ ತನ್ನ ವಯಸ್ಸನ್ನೇ ಹೆಸರಾಗಿಟ್ಟ ‘೨೧’ ಎಂಬ ಸಂಪುಟವನ್ನು ೨೦೧೧ರಲ್ಲಿ ಹೊರತಂದಳು. ಅದೇ ಫೆಬ್ರವರಿಯಲ್ಲಿ 'ಬ್ರಿಟ್' ಬಹುಮಾನಗಳ ಸಭೆಯಲ್ಲಿ, ಪಿಯಾನೋ ಒಂದರ ಹೊರತು ಬೇರಾವ ವಾದ್ಯವೂ ಇಲ್ಲದೆ, ‘ಸಮ್‌ವನ್ ಲೈಕ್ ಯೂ’ ಎಂಬ ಹಾಡನ್ನು ಹಾಡಿದಳು. ಸಂಪುಟದ ಪ್ರತಿಗಳು ೩ ಕೋಟಿಗೂ ಹೆಚ್ಚು ಮಾರಾಟವಾದವು. ಆಡಂಬರವೇ ಮಾರುವದೆಂಬ ನಂಬಿಕೆಯಿರುವ ಕಾಲದಲ್ಲಿ, ನಿಂತಲ್ಲಿಯೇ ನಿಂತು ನೇರವಾಗಿ ಹೇಳಿದ ಮಾತಿಗೆ ಜನರು ಕಿವಿಗೊಟ್ಟರು. ಇನ್ನು ೨೦೨೧ರ ಜನವರಿಯಲ್ಲಿ ಒಲಿವಿಯಾ ರಾಡ್ರಿಗೊ ಎಂಬ ಹದಿನೇಳು ವರ್ಷದ ಹುಡುಗಿಯು ‘ಡ್ರೈವರ್ಸ್ ಲೈಸೆನ್ಸ್’ ಎಂಬ ಹಾಡನ್ನು ಪ್ರಕಟಿಸಿದಳು. ಅದು ಎಂಟು ವಾರ ಅಮೇರಿಕದ ಪಟ್ಟಿಯ ತುದಿಯಲ್ಲಿತ್ತು. ಕಾರು ನಡಿಸುವ ಪರವಾನಗಿಯೆಂಬ ದಿನಬಳಕೆಯ ಕಾಗದವೊಂದೇ ಅದಕ್ಕೆ ಆಧಾರ. ಹೈಸ್ಕೂಲಿನ ವಯಸ್ಸಿನವಳು ತನ್ನ ಅನುಭವದ ಸಣ್ಣ ವಸ್ತುವನ್ನು ಹಿಡಿದು ಸ್ವಂತ ಮಾತಿನಲ್ಲಿ ಬರೆಯಬಲ್ಲಳೆಂಬದನ್ನು ನಮ್ಮ ರಚನೆಯ ಪಾಠದವರು ನೆನಪಿನಲ್ಲಿಡಲಿ.

ಆದಕಾರಣ ತಾಯಂದಿರಿಗೂ ಉಪಾಧ್ಯಾಯಿನಿಯರಿಗೂ ನಮ್ಮ ವಿಜ್ಞಾಪನೆಯೇನಂದರೆ, ಈ ಹಾಡುಗಳನ್ನು ನಿಷೇಧಿಸಬೇಡಿರಿ. ಕೇಳುವ ರೀತಿಯನ್ನು ಕಲಿಸಿರಿ. ಹುಡುಗಿಯ ಸಂಗಡ ಕೂತು ಒಂದು ಸಾರಿ ನೀವೂ ಕೇಳಿರಿ. ಬರೆದವರು ಯಾರು, ಹಾಡಿದವಳು ಏನನ್ನು ಸೇರಿಸಿದಳು, ಕೂಲಿ ಯಾರಿಗೆ ಸಂದಿತು ಎಂದು ವಿಚಾರಿಸಿರಿ. ವಿದ್ಯಾರ್ಥಿನಿಯರಿಗೆ ನಮ್ಮ ಮಾತು ಇಷ್ಟೇ: ದುಃಖವು ಬಂದಾಗ ಬರೆಯಿರಿ, ಬರೆದದ್ದಕ್ಕೆ ಹೆಸರನ್ನು ಹಾಕಿರಿ, ಯಾವ ಕಾಗದಕ್ಕೂ ಓದದೆ ರುಜು ಹಾಕಬೇಡಿರಿ.

ಒಂದು ದುಃಖವು ಒಂದು ಜೀವಮಾನವನ್ನೆಲ್ಲಾ ನುಂಗಿಬಿಡುವದೆಂದು ಹೆದರುವವರಿಗೆ, ಮೇಲೆ ಹೇಳಿದ ಆಲ್ಬರ್ಟಾ ಹಂಟರಳ ಮುಂದಿನ ಚರಿತ್ರೆಯನ್ನು ತಿಳಿಸುವೆವು. ತಾಯಿಯು ತೀರಿಹೋದ ಮೇಲೆ ಆಕೆಯು ಹಾಡುವದನ್ನು ಬಿಟ್ಟು, ಅರುವತ್ತು ದಾಟಿದ ವಯಸ್ಸಿನಲ್ಲಿ ದಾದಿಯ ಕೆಲಸವನ್ನು ಕಲಿತಳು. ತನ್ನ ವಯಸ್ಸನ್ನು ಕಡಿಮೆಯಾಗಿ ಹೇಳಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಸೇರಿ ಸುಮಾರು ಇಪ್ಪತ್ತು ವರ್ಷ ರೋಗಿಗಳ ಸೇವೆಮಾಡಿದಳು. ಎಪ್ಪತ್ತಾಯಿತೆಂದು ತಿಳಿದು ಆಸ್ಪತ್ರೆಯವರು ೧೯೭೭ರಲ್ಲಿ ಆಕೆಯನ್ನು ವಿರಾಮಕ್ಕೆ ಕಳುಹಿಸಿದಾಗ ಆಕೆಗೆ ನಿಜವಾಗಿ ಎಂಬತ್ತೆರಡು ವರ್ಷ. ಅದೇ ವರ್ಷ ಆಕೆಯು ತಿರುಗಿ ವೇದಿಕೆಯನ್ನು ಹತ್ತಿದಳು. ೧೯೮೪ರಲ್ಲಿ ತೀರಿಹೋಗುವ ವರ್ಷದ ವರೆಗೂ ಹಾಡಿದಳು. ಎದೆಯೊಡೆದ ಹಾಡನ್ನು ಬರೆದ ಕೈಯೇ ರೋಗಿಯ ಹಾಸಿಗೆಯನ್ನು ಹಾಸಿತು, ಔಷಧವನ್ನು ಕುಡಿಸಿತು, ಮತ್ತೆ ಹಾಡಿನ ತಾಳವನ್ನೂ ಹಾಕಿತು.